ಮಹಾನಗರದ ಭೂಗತ ಲೋಕ, ಒಬ್ಬ ಖಾಸಗಿ ಪತ್ತೇದಾರ: ಕಾದಂಬರಿ ಕಟ್ಟುವ ಬಗೆ

ಮಹಾನಗರದ ಸಂಘಟಿತ ಅಪರಾಧವನ್ನು ಕುರಿತು ಪತ್ತೇದಾರಿ ಕಾದಂಬರಿ ಬರೆಯಲು ಹೊರಟವರು ಸಾಮಾನ್ಯವಾಗಿ ನಾಯಕನಿಂದ ಶುರು ಮಾಡುತ್ತಾರೆ. ಅವನ ಕುಡಿತ, ಮುರಿದ ದಾಂಪತ್ಯ, ಬಾಡಿಗೆ ಕಟ್ಟಲಾಗದ ಕಚೇರಿ ಎಲ್ಲವೂ ಸಿದ್ಧವಾದ ಮೇಲೆ ಅವನಿಗೊಂದು ಅಪರಾಧವನ್ನು ಹುಡುಕತೊಡಗುತ್ತಾರೆ. ನಾನು ಈ ಕ್ರಮವನ್ನು ತಿರುಗಿಸಿ ಹಣದಿಂದ ಶುರು ಮಾಡಬೇಕೆನ್ನುತ್ತೇನೆ. ಸಂಘಟಿತ ಅಪರಾಧ ಮೂಲತಃ ಒಂದು ವ್ಯಾಪಾರ. ಕಾನೂನಿನ ಹೊರಗೆ ಕೊಟ್ಟ ಸಾಲ ವಾಪಸು ಬರದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಲಾಗದು. ಆದ್ದರಿಂದಲೇ ಆ ವ್ಯಾಪಾರಕ್ಕೆ ಬಂದೂಕು ಬೇಕಾಗುತ್ತದೆ. ಇದು ಲೇಖಕನ ಮನಸ್ಸಿಗೆ ಇಳಿದರೆ ಕಾದಂಬರಿಯ ಪ್ರತಿಯೊಂದು ಕೊಲೆಗೂ ತಾನಾಗಿಯೇ ಒಂದು ಕಾರಣ ದೊರಕುತ್ತದೆ.

ಮಾದಕ ವಸ್ತು, ಜೂಜು, ಚಿನ್ನದ ಕಳ್ಳಸಾಗಣೆ ಇವೆಲ್ಲ ಓದುಗರಿಗೆ ಪರಿಚಿತ. ಅವುಗಳನ್ನು ಬದಿಗಿಟ್ಟು, ನೋಡಲು ನೀರಸವೆನಿಸುವ ಒಂದು ಉದ್ಯಮವನ್ನು ಆರಿಸಿಕೊಳ್ಳಿ. ನ್ಯೂಯಾರ್ಕಿನಲ್ಲಿ 20 ಲಕ್ಷ ಡಾಲರಿಗೆ ಮೀರಿದ ಕಾಂಕ್ರೀಟ್ ಗುತ್ತಿಗೆಗಳು ಒಂದು ಕಾಲದಲ್ಲಿ ಮಾಫಿಯಾ ಕುಟುಂಬಗಳು ಗೊತ್ತುಮಾಡಿದ ಕಂಪನಿಗಳಿಗೇ ಸಿಗುತ್ತಿದ್ದವು, ಮತ್ತು ಗುತ್ತಿಗೆಯ ಮೊತ್ತದಲ್ಲಿ ಶೇ. 2ರಷ್ಟು ಆ ಕುಟುಂಬಗಳಿಗೆ ಸಂದಾಯವಾಗುತ್ತಿತ್ತು. ಕುಟುಂಬಗಳ ಮುಖ್ಯಸ್ಥರೇ ಕಟಕಟೆಯಲ್ಲಿ ನಿಂತು 1986ರಲ್ಲಿ ತಪ್ಪಿತಸ್ಥರೆನಿಸಿಕೊಂಡ ಮೊಕದ್ದಮೆಯಲ್ಲಿ ಈ ವ್ಯವಸ್ಥೆ ಬಯಲಾಯಿತು. ಅದೇ ನಗರದ ವಾಣಿಜ್ಯ ಕಟ್ಟಡಗಳ ಕಸ ಸಾಗಣೆಯ ವಿಚಾರ ಇನ್ನೂ ಸ್ವಾರಸ್ಯಕರ. ಅಲ್ಲಿ ಒಂದು ವಿಳಾಸ ಒಮ್ಮೆ ಒಂದು ಕಸದ ಕಂಪನಿಯ ಪಾಲಿಗೆ ಬಂದರೆ, ಅಂಗಡಿ ಕೈಬದಲಾದರೂ ಬಾಡಿಗೆದಾರ ಬದಲಾದರೂ ಆ ವಿಳಾಸ ಅದೇ ಕಂಪನಿಯ ಸ್ವತ್ತಾಗಿ ಉಳಿಯುತ್ತಿತ್ತು. ಕಡಿಮೆ ದರ ಹೇಳಿ ಮತ್ತೊಬ್ಬ ಬಾಗಿಲು ತಟ್ಟುವಂತಿರಲಿಲ್ಲ. 1995ರಲ್ಲಿ ದೋಷಾರೋಪಣೆಗಳು ದಾಖಲಾಗಿ, ಮರುವರ್ಷ ನಗರಾಡಳಿತ ಪರವಾನಗಿಗೆಂದೇ ಒಂದು ಆಯೋಗವನ್ನು ರಚಿಸುವವರೆಗೂ ಈ ಹಿಡಿತ ಸಡಿಲಲಿಲ್ಲ. ನಿಮ್ಮ ಕಾದಂಬರಿಯ ನಗರ ಯಾವುದೇ ಇರಲಿ, ಇಂಥ ಒಂದು ವ್ಯವಹಾರದಲ್ಲಿ ಯಾರು ಯಾರಿಗೆ ಎಷ್ಟು ಕೊಡುತ್ತಾರೆ, ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳದೆ ಮೊದಲ ಅಧ್ಯಾಯಕ್ಕೆ ಕೈಹಾಕಬೇಡಿ.

ಎರಡನೆಯ ಕೆಲಸ ಪತ್ತೇದಾರನಿಗೆ ಒಂದು ಚಿಕ್ಕ ಪ್ರಶ್ನೆಯನ್ನು ಕೊಡುವುದು. ಇಡೀ ಭೂಗತ ಲೋಕವನ್ನು ಬುಡಮೇಲು ಮಾಡಲು ಯಾರೂ ಖಾಸಗಿ ಪತ್ತೇದಾರನಿಗೆ ಶುಲ್ಕ ಕೊಡುವುದಿಲ್ಲ. ಕಸದ ಲಾರಿ ಓಡಿಸುತ್ತಿದ್ದ ತಮ್ಮ ಕಾಣೆಯಾಗಿದ್ದಾನೆ, ಹುಡುಕಿಕೊಡಿ ಎಂದು ಅಕ್ಕನೊಬ್ಬಳು ಬರುತ್ತಾಳೆ ಎಂದಿಟ್ಟುಕೊಳ್ಳೋಣ. ಅವನು ಮನೆ ಬಿಟ್ಟದ್ದು ರಾತ್ರಿ ಹನ್ನೊಂದಕ್ಕೆ, ಆಮೇಲೆ ಕಂಡವರಿಲ್ಲ. ನಾಲ್ಕು ಅಧ್ಯಾಯಗಳ ನಂತರ ಪತ್ತೇದಾರನ ಕೈಗೆ ತೂಕದ ಕಟ್ಟೆಯ ಒಂದು ಚೀಟಿ ಸಿಗುತ್ತದೆ. ಅದರಲ್ಲಿ ಲಾರಿಯ ನಂಬರು, ತುಂಬಿದ ತೂಕ, ಖಾಲಿ ತೂಕ, ವೇಳೆ ನಸುಕಿನ 3 ಗಂಟೆ 10 ನಿಮಿಷ, ಕೆಳಗೆ ಚಾಲಕನ ಸಹಿ. ಸಹಿ ತಮ್ಮನ ಹೆಸರಿನಲ್ಲಿಯೇ ಇದೆ, ಆದರೆ ಅವನ ಕೈಬರಹವಲ್ಲ. ಹಾಗಾದರೆ ಆ ಹೊತ್ತಿನಲ್ಲಿ ಲಾರಿ ಓಡಿಸಿದವನು ಯಾರು, ಮತ್ತು ಅದೇ ಲಾರಿಯ ಖಾಲಿ ತೂಕ ಹಿಂದಿನ ದಿನದ ಚೀಟಿಗಿಂತ ಎಪ್ಪತ್ತು ಕಿಲೋ ಹೆಚ್ಚಾಗಿರುವುದು ಏಕೆ? ಸುರಿಯದೆ ಉಳಿಸಿಕೊಂಡದ್ದು ಏನು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಓದುಗರು ಲೆಕ್ಕ ಹಾಕಿ ಬೆಚ್ಚುತ್ತಾರೆ. ಉದ್ಯಮದ ದಿನನಿತ್ಯದ ಕಾಗದಪತ್ರಗಳಿಂದಲೇ ಹುಟ್ಟಿದ ಇಂಥ ಸುಳಿವಿನ ಮುಂದೆ, ಹೆಣದ ಪಕ್ಕದಲ್ಲಿ ಅನುಕೂಲಕ್ಕೆ ಬಿದ್ದಿರುವ ಬೆಂಕಿಪೊಟ್ಟಣ ಬಹಳ ಸಪ್ಪೆಯಾಗಿ ಕಾಣುತ್ತದೆ.

ಪತ್ತೇದಾರನ ಬಲಕ್ಕಿಂತ ಅವನ ಮಿತಿಗಳನ್ನು ಮೊದಲು ಗುರುತಿಸಿಕೊಳ್ಳಿ. ಖಾಸಗಿ ಪತ್ತೇದಾರನಿಗೆ ಶೋಧನಾ ವಾರಂಟು ಪಡೆಯುವ ಅಧಿಕಾರವಿಲ್ಲ, ಸಾಕ್ಷಿಯನ್ನು ಕಾನೂನಿನ ಬಲದಿಂದ ಕರೆಸುವ ಹಕ್ಕಿಲ್ಲ, ಬ್ಯಾಂಕಿನ ಖಾತೆ ತೆರೆಸಿ ನೋಡುವಂತಿಲ್ಲ. ಅವನಿಗಿರುವುದು ಆಸ್ತಿ ನೋಂದಣಿಯ ದಾಖಲೆ, ಕಂಪನಿಗಳ ನಿರ್ದೇಶಕರ ಪಟ್ಟಿ, ಹಳೆಯ ಮೊಕದ್ದಮೆಗಳ ಕಡತ, ಕಾಯುವ ತಾಳ್ಮೆ ಮತ್ತು ಮಾತು. ಒಬ್ಬನೇ ಒಂದು ಕಾರಿನಲ್ಲಿ ಕೂತು ಒಬ್ಬನನ್ನು ದಿನವಿಡೀ ಹಿಂಬಾಲಿಸಿ ಕಣ್ಣಿಗೆ ಬೀಳದೆ ಉಳಿಯುವುದು ಬಹಳ ಕಷ್ಟ; ಅನುಭವಸ್ಥರು ಇದಕ್ಕೆ ಹಲವರ ತಂಡವನ್ನೇ ಬಳಸುತ್ತಾರೆ. ನಿಮ್ಮ ನಾಯಕ ಒಂಟಿಯಾಗಿದ್ದರೆ ಅವನು ಗುರಿಯನ್ನು ಆಗಾಗ ಕಳೆದುಕೊಳ್ಳಲಿ, ಕೆಲವೊಮ್ಮೆ ಸಿಕ್ಕಿಬೀಳಲಿ. ಆ ಸೋಲುಗಳೇ ಕಥೆಯನ್ನು ಮುಂದಕ್ಕೆ ತಳ್ಳುತ್ತವೆ.

ಹಿಂಸೆಯನ್ನು ಬರೆಯುವಾಗ ದೇಹಕ್ಕೆ ನಿಷ್ಠರಾಗಿರಿ, ಏಕೆಂದರೆ ಈ ಪ್ರಕಾರದ ಒರಟುತನ ನಿಜವೆನಿಸುವುದು ಅಥವಾ ಸುಳ್ಳೆನಿಸುವುದು ಇಲ್ಲಿಯೇ. ತಲೆಗೆ ಏಟು ಬಿದ್ದು ಬಹಳ ಹೊತ್ತು ಪ್ರಜ್ಞೆ ತಪ್ಪಿದವನು ಎದ್ದು, ಟೋಪಿ ಸರಿಪಡಿಸಿಕೊಂಡು ಹೊರಡಲಾರ; ವಾಂತಿ, ಮಂಪರು, ಮರೆವು ಅವನನ್ನು ದಿನಗಟ್ಟಲೆ ಕಾಡುತ್ತವೆ. ಸೈಲೆನ್ಸರ್ ಜೋಡಿಸಿದ ಪಿಸ್ತೂಲು ಪಿಸುಗುಟ್ಟುವುದಿಲ್ಲ. ಅದು ಸದ್ದನ್ನು ಸುಮಾರು 20ರಿಂದ 35 ಡೆಸಿಬೆಲ್‌ಗಳಷ್ಟು ತಗ್ಗಿಸುತ್ತದೆಯಾದರೂ ಉಳಿಯುವ ಸದ್ದು ಪಕ್ಕದ ಮನೆಯವರನ್ನು ಎಬ್ಬಿಸುವಷ್ಟಿರುತ್ತದೆ. ಮೂರನೆಯ ಅಧ್ಯಾಯದಲ್ಲಿ ಮುರಿದ ಪಕ್ಕೆಲುಬು ಹತ್ತನೆಯ ಅಧ್ಯಾಯದಲ್ಲಿ ಮೆಟ್ಟಿಲು ಹತ್ತುವಾಗ ನೋಯಬೇಕು. ಬೆದರಿಕೆಗೆ ಮಾತ್ರ ಆರ್ಭಟ ಬೇಡ. ತಮ್ಮ ಶಕ್ತಿಯ ಬಗ್ಗೆ ಅನುಮಾನವಿಲ್ಲದವರು ಮೆಲ್ಲಗೆ, ಮರ್ಯಾದೆಯಿಂದ ಮಾತನಾಡುತ್ತಾರೆ. 'ನಿನ್ನನ್ನು ಮುಗಿಸಿಬಿಡುತ್ತೇನೆ' ಎನ್ನುವವನಿಗಿಂತ, 'ನಿಮ್ಮ ಮಗಳ ಶಾಲೆಯ ಗೇಟಿನ ಬೀಗ ಕೆಟ್ಟಿದೆಯಲ್ಲ, ಯಾರಾದರೂ ರಿಪೇರಿ ಮಾಡಿಸಬಾರದೇ?' ಎಂದು ಕೇಳುವವನು ಓದುಗರನ್ನು ಹೆಚ್ಚು ಹೆದರಿಸುತ್ತಾನೆ.

ದೊಡ್ಡ ಯಜಮಾನನನ್ನು ಒಂದೋ ಎರಡೋ ಸಲ ಮಾತ್ರ ತೋರಿಸಿ. ಸಂಘಟನೆ ಎಂಬುದು ಓದುಗರಿಗೆ ಅನುಭವಕ್ಕೆ ಬರುವುದು ನಡುವಿನವರ ಮೂಲಕ: ವಸೂಲಿಗೆ ಬರುವ ಹುಡುಗ, ಕಾರ್ಮಿಕ ಸಂಘದ ಪದಾಧಿಕಾರಿ, ಕಡತವನ್ನು ತಡೆಹಿಡಿಯುವ ಗುಮಾಸ್ತ, ಎಲ್ಲವನ್ನೂ ಕಾನೂನುಬದ್ಧವಾಗಿ ಬರೆದುಕೊಡುವ ವಕೀಲ. ಇವರಲ್ಲಿ ಲೆಕ್ಕಿಗನಿಗೆ ವಿಶೇಷ ಸ್ಥಾನ ಕೊಡಬೇಕೆಂಬುದು ನನ್ನ ಆಗ್ರಹ. ಷಿಕಾಗೋ ನಗರವನ್ನು ನಡುಗಿಸಿದ ಅಲ್ ಕಪೋನ್ 1931ರಲ್ಲಿ 11 ವರ್ಷಗಳ ಶಿಕ್ಷೆಗೆ ಗುರಿಯಾದದ್ದು ಆದಾಯ ತೆರಿಗೆಯ ಪ್ರಕರಣದಲ್ಲಿ. ಕೊಲೆಗಳು ಹಿಡಿದುಕೊಡಲಾಗದ ಮನುಷ್ಯನನ್ನು ಲೆಕ್ಕದ ಪುಸ್ತಕಗಳು ಹಿಡಿದುಕೊಟ್ಟವು. ಲೆಕ್ಕಿಗ ಯಾರನ್ನೂ ಹೊಡೆಯದೆಯೇ ಎಲ್ಲ ಹೊಡೆತಗಳ ಬೆಲೆಯನ್ನೂ ಬಲ್ಲವನು, ಆದ್ದರಿಂದ ಅವನ ಭಯಕ್ಕೂ ಅವನ ಆತ್ಮಸಾಕ್ಷಿಗೂ ಕಾದಂಬರಿಯಲ್ಲಿ ಜಾಗವಿರಬೇಕು.

ನಿರೂಪಣೆಗೆ ಉತ್ತಮ ಪುರುಷವೇ ಸರಿ ಎಂದು ಪಟ್ಟು ಹಿಡಿಯಬೇಕಿಲ್ಲ. ಆದರೆ ಯಾವ ಪುರುಷದಲ್ಲಿ ಬರೆದರೂ ಪತ್ತೇದಾರ ಕಂಡದ್ದನ್ನಷ್ಟೇ ಓದುಗರು ಕಾಣಲಿ, ಮತ್ತು ಅವನು ಕಂಡದ್ದನ್ನು ಮುಚ್ಚಿಡಬೇಡಿ. ವಾಕ್ಯಗಳಲ್ಲಿ ವಿಶೇಷಣಗಳನ್ನು ಕಡಿಮೆ ಮಾಡಿ. 'ಭಯಾನಕ ಮುಖದ ಕ್ರೂರಿ ರೌಡಿಯೊಬ್ಬ ಒಳಗೆ ಬಂದ' ಎಂಬುದರ ಬದಲು, 'ಒಳಗೆ ಬಂದವನು ಕುರ್ಚಿಯನ್ನು ಎಳೆದು ಬಾಗಿಲಿಗೂ ನನಗೂ ನಡುವೆ ಹಾಕಿಕೊಂಡು ಕುಳಿತ' ಎಂದು ಬರೆದರೆ ಅವನ ಕಸುಬು ತಿಳಿದುಹೋಗುತ್ತದೆ.

ಮುಕ್ತಾಯದಲ್ಲಿ ಸಂಘಟನೆ ಕುಸಿದು ಬೀಳುವುದು ನನಗೆ ಒಪ್ಪಿಗೆಯಿಲ್ಲ. ಒಂದು ವಿಳಾಸಪಟ್ಟಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಬಹುದು, ಒಬ್ಬ ಯಜಮಾನ ಜೈಲಿಗೆ ಹೋಗಬಹುದು, ಲಾರಿಗಳು ಮಾತ್ರ ಮರುದಿನವೂ ಹೊರಡುತ್ತವೆ. ಆದರೆ ಅಕ್ಕ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲೇಬೇಕು. ಅದನ್ನು ಅರ್ಧಕ್ಕೆ ಬಿಟ್ಟರೆ ಓದುಗರಿಗೆ ಮೋಸವಾಗುತ್ತದೆ. ಕರಡು ಮುಗಿದ ಮೇಲೆ ಆರಂಭದಲ್ಲಿ ಮಾಡಿದ ಹಣದ ಹಾಳೆಯನ್ನು ಎದುರಿಗಿಟ್ಟುಕೊಂಡು, ಪ್ರತಿ ಸಾವಿನ ಪಕ್ಕದಲ್ಲಿ ಅದರಿಂದ ಯಾರಿಗೆ ಎಷ್ಟು ಉಳಿತಾಯವಾಯಿತು ಎಂದು ಬರೆಯಿರಿ. ಯಾವ ಸಾವಿನ ಎದುರು ಆ ಜಾಗ ಖಾಲಿ ಉಳಿಯುತ್ತದೆಯೋ ಆ ಅಧ್ಯಾಯವನ್ನು ಹೊಸದಾಗಿ ಬರೆಯಬೇಕಾಗುತ್ತದೆ.