ಗೋಡೆಗೆ ಮರದ ಪ್ಯಾನೆಲ್ ಹೊಡೆಸುವ ಮೊದಲು ಒಂದು ಇಂಚು ಜಾಗ ಬಿಡಿಸಿ

ಮಂಗಳೂರು, ಉಡುಪಿ ಕಡೆ ಹೊಸ ಕಚೇರಿಯ ಒಳಾಂಗಣ ಮಾಡಿಸುತ್ತಿರುವವರು ಹೊರಗೋಡೆಗೆ ಮರದ ಪ್ಯಾನೆಲನ್ನು ನೇರವಾಗಿ ಅಂಟಿಸಲು ಬಿಡಬೇಡಿ. ನಡುವೆ ಕನಿಷ್ಠ ಒಂದು ಇಂಚು ಜಾಗ ಬಿಡಿಸಿ, ಪ್ಯಾನೆಲಿನ ಕೆಳಗೂ ಮೇಲೂ ಬೆರಳು ತೂರುವಷ್ಟು ಸಂದು ಉಳಿಸಿ. ಪ್ಯಾನೆಲನ್ನು ಹಿಡಿಯುವ ಪಟ್ಟಿಗಳು ಲಂಬವಾಗಿರಬೇಕು, ಇದು ಬಹಳ ಮುಖ್ಯ. ಅಡ್ಡಪಟ್ಟಿ ಹೊಡೆದರೆ ಗಾಳಿ ಮೇಲೇರುವ ದಾರಿಯೇ ಮುಚ್ಚಿಹೋಗುತ್ತದೆ. ಮರದ ಪಟ್ಟಿಗಿಂತ ಅಲ್ಯುಮಿನಿಯಂ ಚಾನೆಲ್ ಒಳ್ಳೆಯದು. ನಮ್ಮ ಕೆಂಪುಕಲ್ಲು ನೀರು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಕಡೆಯಿಂದ ಬೀಸುವ ಮಳೆಯನ್ನು ಪಶ್ಚಿಮದ ಗೋಡೆ ನೇರವಾಗಿ ಎದುರಿಸುತ್ತದೆ, ಆ ಪಸೆಗೆ ಹೊರಹೋಗುವ ದಾರಿ ಸಿಗದಿದ್ದರೆ ಪ್ಯಾನೆಲಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಗಾಳಿ ಆಡಿದರೆ ಅದು ಅಲ್ಲಲ್ಲೇ ಆರುತ್ತದೆ. ಕಡತದ ಕಪಾಟುಗಳಿಗೂ ಇದೇ ಕ್ರಮ ಅನುಸರಿಸಿ; ಹಳೆಯ ಕಾಗದಪತ್ರಗಳು ಹಾಳಾದರೆ ಮತ್ತೆ ಸಿಗುವುದಿಲ್ಲ. ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ, ಅದು ನೀರು ತಡೆಯುವ ಮರೈನ್ ದರ್ಜೆ. ಹೊರಗೋಡೆಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನೀರು ಕುಡಿದು ಉಬ್ಬಿದರೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಕೆಳಗಿನ ಸಂದಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ, ಇಲ್ಲವಾದರೆ ಜಿರಳೆ ಸೇರಿಕೊಳ್ಳುತ್ತದೆ. ಒಳಗಿನ ಅಡ್ಡಗೋಡೆಗಳಿಗೆ ಇದಾವುದೂ ಬೇಕಿಲ್ಲ. ತಾರಸಿ ಸೋರುತ್ತಿದ್ದರೆ ಅಥವಾ ನೆಲದಿಂದಲೇ ತೇವ ಏರುತ್ತಿದ್ದರೆ ಈ ಉಪಾಯ ಸಾಲದು. ಮೊದಲು ಅದನ್ನು ಸರಿಪಡಿಸಿ, ಗೋಡೆ ಒಂದು ಬೇಸಿಗೆ ಪೂರ್ತಿ ಒಣಗಿದ ಮೇಲೆಯೇ ಪ್ಯಾನೆಲ್ ಹೊಡೆಸಿ.