ನಮ್ಮ ಚಿತ್ರಕ್ಕೆ ಡಿಸಿಪಿ ಸಿದ್ಧಪಡಿಸಿದ ಬಗೆ

ಕಲರ್ ಗ್ರೇಡಿಂಗ್ ಮತ್ತು ಧ್ವನಿ ಮಿಶ್ರಣ ಮುಗಿದ ನಮ್ಮ 100 ನಿಮಿಷದ ಕನ್ನಡ ಚಿತ್ರವನ್ನು ಚಿತ್ರೋತ್ಸವಗಳಿಗೆ ಕಳುಹಿಸಲು ಡಿಸಿಪಿ, ಅಂದರೆ ಚಿತ್ರಮಂದಿರದ ಯಂತ್ರಗಳು ಓದಿ ಪ್ರದರ್ಶಿಸುವ ಡಿಜಿಟಲ್ ಸಿನಿಮಾ ಪ್ಯಾಕೇಜ್, ಬೇಕಾಗಿತ್ತು. ಅದನ್ನು ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ನಾನೇ ಸಿದ್ಧಪಡಿಸಿದೆ. ಪ್ರತಿ ಫ್ರೇಮನ್ನೂ ಜೆಪೆಗ್ 2000 ಚಿತ್ರವಾಗಿಸುವುದು, ಬಣ್ಣಗಳನ್ನು 12 ಬಿಟ್‌ನ ಎಕ್ಸ್‌ವೈಝಡ್ ಪದ್ಧತಿಗೆ ತರುವುದು, ಚಿತ್ರವನ್ನೂ ಧ್ವನಿಯನ್ನೂ ಪ್ರತ್ಯೇಕ ಎಂಎಕ್ಸ್‌ಎಫ್ ಕಡತಗಳಲ್ಲಿ ತುಂಬುವುದು ಇವೆಲ್ಲ ತಂತ್ರಾಂಶದ ಕೆಲಸ. ಆದರೆ ಚಿತ್ರ ಪರದೆಯ ಮೇಲೆ ಹೇಗೆ ಕಾಣಬೇಕೆಂಬ ತೀರ್ಮಾನಗಳನ್ನು ಅದಕ್ಕೆ ಬಿಡಬಾರದು. ಚಿತ್ರ ಮಾಡಿದವರೇ ಅವನ್ನು ಮೊದಲು ತೆಗೆದುಕೊಂಡಿರಬೇಕು.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ವೇಗದ ಬಗ್ಗೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಟ್ಯೂಬ್‌ಲೈಟ್‌ಗಳ ಮಿನುಗು ಬಾರದಿರಲೆಂದು ಸೆಕೆಂಡಿಗೆ 25 ಫ್ರೇಮ್‌ಗಳಲ್ಲಿ ಚಿತ್ರೀಕರಿಸಿದ್ದೆವು. ಚಿತ್ರಮಂದಿರಗಳ ಸಾಮಾನ್ಯ ವೇಗವಾದ 24ರಲ್ಲಿಯೇ ಚಿತ್ರೀಕರಿಸಿ, ಪ್ರತಿ ಫ್ರೇಮ್ ಎಷ್ಟು ಹೊತ್ತು ಬೆಳಕಿಗೆ ತೆರೆದಿರಬೇಕೆಂದು ನಿರ್ಧರಿಸುವ ಶಟರ್ ಕೋನವನ್ನು 172.8 ಡಿಗ್ರಿಗೆ ಇಟ್ಟರೂ ಮಿನುಗು ತಪ್ಪುತ್ತದೆ, ಹೊಸದಾಗಿ ಚಿತ್ರೀಕರಿಸುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಡಿಸಿಪಿಯ ಎರಡು ಮಾದರಿಗಳಲ್ಲಿ ಹಳೆಯದಾದ ಇಂಟರಾಪ್‌ನಲ್ಲಿ 25ಕ್ಕೆ ಅವಕಾಶವಿಲ್ಲ; ಹೊಸದಾದ ಎಸ್‌ಎಂಪಿಟಿಇಯಲ್ಲಿ ಇದೆಯಾದರೂ ಎಲ್ಲ ಚಿತ್ರಮಂದಿರಗಳೂ ಅದನ್ನು ನಡೆಸುತ್ತವೆಂಬ ಭರವಸೆ ಇಲ್ಲ. ಸೆಕೆಂಡಿಗೆ ಒಂದು ಫ್ರೇಮನ್ನು ಕಿತ್ತುಹಾಕಿದರೆ ಕ್ಯಾಮೆರಾ ನಿಧಾನವಾಗಿ ತಿರುಗುವ ದೃಶ್ಯಗಳು ಜರ್ಕ್ ಹೊಡೆಯುತ್ತವೆ. ಆದ್ದರಿಂದ ಎಲ್ಲ ಫ್ರೇಮ್‌ಗಳನ್ನೂ ಉಳಿಸಿಕೊಂಡು 24ರ ವೇಗದಲ್ಲಿ ಓಡಿಸಿದೆವು. ಚಿತ್ರದ ಅವಧಿ 104 ನಿಮಿಷ 10 ಸೆಕೆಂಡಾಯಿತು. ಧ್ವನಿಯನ್ನು ಅಷ್ಟೇ ಹಿಗ್ಗಿಸಿ, ಕಲಾವಿದರ ಕಂಠ ದಪ್ಪವಾಗದಂತೆ ಶ್ರುತಿಯನ್ನು ಮೊದಲಿನಂತೆಯೇ ಉಳಿಸಿದೆವು.

ಚೌಕಟ್ಟಿನ ವಿಷಯ ಸರಳ. ನಮ್ಮ 1920×1080ರ ಚಿತ್ರವನ್ನು ಡಿಸಿಪಿಯಲ್ಲಿ ಫ್ಲ್ಯಾಟ್ ಎಂದು ಕರೆಯುವ 1998×1080ರ ಚೌಕಟ್ಟಿನಲ್ಲಿ, ಎರಡೂ ಬದಿಗೆ 39 ಪಿಕ್ಸೆಲ್ ಕಪ್ಪು ಬಿಟ್ಟು ಕೂರಿಸಿದೆ. ಹಿಗ್ಗಿಸಿ ತುಂಬಿಸಿದ್ದರೆ ಮೇಲೆ ಕೆಳಗೆ ಕತ್ತರಿಸಬೇಕಾಗುತ್ತಿತ್ತು. ಛಾಯಾಗ್ರಾಹಕರು ಅಳೆದು ಇಟ್ಟ ಚೌಕಟ್ಟನ್ನು ಮುಟ್ಟುವ ಹಕ್ಕು ನನಗಿಲ್ಲವೆಂದೇ ನನ್ನ ಭಾವನೆ.

ಧ್ವನಿ ಆರು ವಾಹಿನಿಗಳ 5.1ರಲ್ಲಿತ್ತು. ಸಂಭಾಷಣೆ ಪರದೆಯ ಹಿಂದಿನ ನಡುವಿನ ಸ್ಪೀಕರಿನಿಂದಲೇ ಬರಬೇಕು, ಇಲ್ಲವಾದರೆ ಬದಿಯ ಸಾಲಿನಲ್ಲಿ ಕೂತವರಿಗೆ ಮಾತು ಪಾತ್ರದ ಬಾಯಿಂದ ಬಂದಂತೆ ಕೇಳುವುದಿಲ್ಲ.

ನಮ್ಮ ಚಿತ್ರದಲ್ಲಿ ತುಳು ಮಾತುಗಳಿವೆ, ಅವಕ್ಕೆ ಕನ್ನಡ ಉಪಶೀರ್ಷಿಕೆಗಳಿವೆ. ಡಿಸಿಪಿಯಲ್ಲಿ ಉಪಶೀರ್ಷಿಕೆಯನ್ನು ಪಠ್ಯವಾಗಿ ಫಾಂಟಿನೊಂದಿಗೆ ಇಟ್ಟರೆ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವುದು ಚಿತ್ರಮಂದಿರದ ಯಂತ್ರ. ಅಲ್ಲಿನ ಪ್ರತಿ ಯಂತ್ರವೂ ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆಂದು ನಂಬಿ ಕೂರುವಂತಿಲ್ಲ. ‘ಅಕ್ಕ’ ಎಂಬ ಪದವೇ ಒಡೆದು ಕಾಣುವ ಸಾಧ್ಯತೆಯನ್ನು ನಾನು ಒಪ್ಪಲಾರೆ. ಹಾಗಾಗಿ ಕನ್ನಡವನ್ನು ಚಿತ್ರದೊಳಗೇ ಅಚ್ಚೊತ್ತಿ, ಇಂಗ್ಲಿಷ್ ಉಪಶೀರ್ಷಿಕೆಗಳನ್ನು ಮಾತ್ರ ಪ್ರತ್ಯೇಕ ಪಠ್ಯವಾಗಿ, ಮೂಲ ಪ್ಯಾಕೇಜಿನ ಚಿತ್ರ ಮತ್ತು ಧ್ವನಿಯನ್ನೇ ಬಳಸುವ ವರ್ಷನ್ ಫೈಲ್ ಆಗಿ ಮಾಡಿದೆ. ಹೀಗೆ ಮಾಡಿದ್ದರಿಂದ ಒಂದೇ ಚಿತ್ರವನ್ನು ಎರಡು ಬಾರಿ ಸಂಕುಚಿಸುವ ಅಗತ್ಯ ಬೀಳಲಿಲ್ಲ.

ಡೇಟಾ ಪ್ರಮಾಣಕ್ಕೆ ಇರುವ ಮಿತಿ ಸೆಕೆಂಡಿಗೆ 250 ಮೆಗಾಬಿಟ್. ನಾನು 150 ಇಟ್ಟೆ. ಚಿತ್ರಭಾಗ ಹೆಚ್ಚೆಂದರೆ 117 ಜಿಬಿ ಆಗುತ್ತದೆ, ಕಣ್ಣಿಗೆ ಯಾವ ಕೊರತೆಯೂ ಕಾಣಲಿಲ್ಲ.

ಬೆಳಗಿನ ಆಟಕ್ಕೆ ಮುಂಚೆ ಚಿತ್ರಮಂದಿರವೊಂದರಲ್ಲಿ ಪರೀಕ್ಷೆಗೆ ಅವಕಾಶ ಸಿಕ್ಕಿತು. ಕಂಪ್ಯೂಟರಿನಲ್ಲಿ ಎಷ್ಟೇ ನೋಡಿದ್ದರೂ ಈ ಹೆಜ್ಜೆಯನ್ನು ಬಿಡಬಾರದು. ಗ್ರೇಡಿಂಗ್ ನಡೆದದ್ದು ಎಚ್‌ಡಿ ಟಿವಿಯ ಬಣ್ಣದ ಮಾನದಂಡವಾದ ರೆಕ್ 709ರಲ್ಲಿ ಎಂದು ತಂತ್ರಾಂಶಕ್ಕೆ ಸರಿಯಾಗಿ ತಿಳಿಸಿದ್ದೇವೆಯೇ ಎಂಬುದು ರಾತ್ರಿಯ ದೃಶ್ಯಗಳ ಕಪ್ಪಿನಲ್ಲಿ ಮತ್ತು ಮುಖಗಳ ಬಣ್ಣದಲ್ಲಿ ತಕ್ಷಣ ಗೊತ್ತಾಗುತ್ತದೆ. ತುಟಿಚಲನೆ ಮತ್ತು ಮಾತಿನ ಹೊಂದಿಕೆಯನ್ನು ಚಿತ್ರದ ಆರಂಭದಲ್ಲಷ್ಟೇ ಅಲ್ಲದೆ ಕೊನೆಯಲ್ಲಿಯೂ ನೋಡಬೇಕು. ವೇಗ ಬದಲಿಸಿದ ಚಿತ್ರದಲ್ಲಿ ವ್ಯತ್ಯಾಸ ಇದ್ದರೆ ಅದು ಬೆಳೆಯುತ್ತಾ ಹೋಗಿರುತ್ತದೆ.

ಡಿಸ್ಕನ್ನು ಲಿನಕ್ಸ್‌ನ ಇಎಕ್ಸ್‌ಟಿ3 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದೆ. ಒಳಗಿನ ಕಡತಗಳ ಹೆಸರನ್ನು ಬದಲಿಸಬಾರದು. ಅಸೆಟ್‌ಮ್ಯಾಪ್ ಎಂಬ ಕಡತಪಟ್ಟಿಯಲ್ಲಿರುವ ಹೆಸರಿನಿಂದಲೇ ಚಿತ್ರಮಂದಿರದ ಸರ್ವರ್ ಅವನ್ನು ಹುಡುಕುತ್ತದೆ. ಗೂಢಲಿಪಿಯ ರಕ್ಷಣೆಯನ್ನು ಬೇಡವೆಂದೆ. ಅದನ್ನು ಹಾಕಿದರೆ ಪ್ರತಿ ಪ್ರದರ್ಶನಕ್ಕೂ ನಿರ್ದಿಷ್ಟ ಸರ್ವರಿಗೆ, ನಿರ್ದಿಷ್ಟ ಅವಧಿಗೆ ಮಾತ್ರ ಸಲ್ಲುವ ಕೆಡಿಎಂ ಎಂಬ ಕೀಲಿ ಬೇಕು. ಉತ್ಸವದವರು ಕೊನೆಯ ಗಳಿಗೆಯಲ್ಲಿ ಪರದೆ ಬದಲಿಸಿದರೆ ಹೊಸ ಕೀಲಿ ಬರುವವರೆಗೆ ಚಿತ್ರ ಓಡುವುದಿಲ್ಲ.