ಮೊದಲು ಹಿಂದಿನ ಬರೆ, ಆಮೇಲೆ ಸಹಿ

ನಾನು ಚಳ್ಳಕೆರೆ ಕಡೆಯವಳು. ವರ್ಷದ ಮಳೆಯೆಲ್ಲ ಸೇರಿಸಿದರೂ 20 ಇಂಚು ದಾಟುವುದು ಕಷ್ಟ. ಮಡಿಕೇರಿಯ ಶಾಲೆಯೊಂದಕ್ಕೆ ಕೆಲಸಕ್ಕೆ ಬಂದದ್ದು ಏಪ್ರಿಲ್‌ನಲ್ಲಿ. ಕಾಫಿ ಹೂವಿನ ಘಮ, ಹಿತವಾದ ಬಿಸಿಲು. ತೋರಿಸಿದ ಮನೆ ಇಳಿಜಾರಿನಲ್ಲಿತ್ತು, ಮುಂದಿನ ಕಿಟಕಿ ತೆಗೆದರೆ ಬೆಟ್ಟದ ಸಾಲು. ಗೋಡೆಗೆ ಆಗಷ್ಟೇ ಬಣ್ಣ ಹೊಡೆದಿದ್ದರು. ಬಾಡಿಗೆ 9,000, ಅಡ್ವಾನ್ಸ್ 60,000. ಹತ್ತೇ ನಿಮಿಷ ನೋಡಿ ಒಪ್ಪಿಬಿಟ್ಟೆ. ಮನೆಯ ಹಿಂದಕ್ಕೆ ಹೋಗಲೇ ಇಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈನಲ್ಲಿ ಒಂದು ದಿನ ಬೀರು ತೆಗೆದರೆ ಚರ್ಮದ ಬ್ಯಾಗಿನ ಮೇಲೆ ಹಸಿರು ಬೂಷ್ಟು. ಬಿ.ಎಡ್ ಸರ್ಟಿಫಿಕೇಟಿನ ಅಂಚಿಗೂ ಚುಕ್ಕೆ ಚುಕ್ಕೆ. ಬೀರು ಸರಿಸಿದೆ. ಹಿಂದಿನ ಗೋಡೆ ಮಂಡಿಯೆತ್ತರದವರೆಗೆ ಕಪ್ಪಾಗಿತ್ತು. ಕೈಯಿಟ್ಟರೆ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಕೊಡೆ ಹಿಡಿದು ಹಿಂದೆ ಹೋಗಿ ನೋಡಿದರೆ, ಗೋಡೆಗೂ ನೇರ ಕಡಿದ ಬರೆಗೂ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ನಡುವೆ ಎರಡು ಮೊಳ ಜಾಗ. ಬರೆಯ ಬುಡದಿಂದ ನೀರು ಜಿನುಗಿ ಸೀದಾ ನಮ್ಮ ಪಾಯಕ್ಕೆ ಬರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಹೇಳಿದರು: "ಟೀಚರೇ, ಮಳೆಗಾಲಕ್ಕೆ ಅಲ್ಲಿ ಒರತೆ ಏಳ್ತದೆ. ಮೊದಲು ಇದ್ದವರೂ ಅದಕ್ಕೇ ಬಿಟ್ಟು ಹೋದದ್ದಲ್ವಾ?"

ಸಹಿ ಹಾಕುವ ಮುಂಚೆ ಈ ಅಜ್ಜಿಯ ಹತ್ತಿರ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮನೆ ಬಿಡುವಾಗ ಇನ್ನೊಂದು ಪೆಟ್ಟು. ಕರಾರಿನಲ್ಲಿ "ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು" ಅಂತ ಇತ್ತು. ಬೂಷ್ಟು ಹಿಡಿದ ಗೋಡೆಗೆ ಬಣ್ಣ ಬಳಿಸಿದ ಖರ್ಚೆಂದು ಓನರ್ 22,000 ಹಿಡಿದುಕೊಂಡರು. ನೀರು ಅವರ ಬರೆಯದು, ದಂಡ ನನಗೆ. ಜಗಳ ಮಾಡಿದೆ, ಆದರೆ ಕಾಗದ ಅವರ ಪರ ಇತ್ತು. ಆ ಕಾಗದವನ್ನು ನಾನು ಸರಿಯಾಗಿ ಓದಿದ್ದು ಅವತ್ತೇ. ಅದರಲ್ಲಿ ಲಿಫ್ಟ್ ನಿರ್ವಹಣೆಯ ವೆಚ್ಚ ಬಾಡಿಗೆದಾರರದು ಅಂತಲೂ ಬರೆದಿತ್ತು! ಶೀಟಿನ ಮನೆಗೆ ಲಿಫ್ಟ್. ಬೆಂಗಳೂರಿನ ಯಾವುದೋ ಫ್ಲ್ಯಾಟಿನ ಕರಾರನ್ನು ಟೈಪಿಂಗ್ ಅಂಗಡಿಯವರು ಹೆಸರು ಬದಲಿಸಿ ಕೊಟ್ಟಿದ್ದರು. ನಾವಿಬ್ಬರೂ ಸುಮ್ನೆ ಸಹಿ ಹಾಕಿದ್ದೆವು.

ಎರಡನೇ ಮನೆ ಹುಡುಕಿದ್ದು ಆಗಸ್ಟ್‌ನಲ್ಲಿ, ಬೇಕಂತಲೇ. ಮಳೆ ಜೋರಾಗಿದ್ದ ದಿನವೇ ಹೋಗುತ್ತಿದ್ದೆ. ಮೊದಲು ಮನೆಯ ಹಿಂದೆ. ಬರೆಯನ್ನು ಗೋಡೆಯ ಹಾಗೆ ನೇರ ಕಡಿದಿದ್ದಾರಾ, ತಡೆಗೋಡೆ ಇದೆಯಾ? ತಡೆಗೋಡೆ ಇದ್ದರೂ ಅದರಲ್ಲಿ ನೀರು ಹೊರಬರಲು ಪೈಪು ಬಿಟ್ಟಿದ್ದಾರಾ ನೋಡಬೇಕು. ಪೈಪಿಲ್ಲದಿದ್ದರೆ ನೀರಿನ ಭಾರವೆಲ್ಲ ಗೋಡೆಯ ಮೇಲೆ ಬೀಳುತ್ತದೆ. ಮೇಲಿನ ಮರ ವಾಲಿದೆಯಾ, ಮಣ್ಣು ಬಿರುಕು ಬಿಟ್ಟಿದೆಯಾ ಅಂತಲೂ ನೋಡುತ್ತಿದ್ದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡ ಊರು ಇದು. ಇಂಥ ಪ್ರಶ್ನೆ ಕೇಳಿದರೆ ಇಲ್ಲಿ ಯಾರೂ ನಗುವುದಿಲ್ಲ. ನಕ್ಕರೆ ಆ ಮನೆಯೇ ಬೇಡ.

ಒಳಗೆ ಬಂದರೆ ಮೊದಲು ಗೋಡೆಯ ಕಪಾಟಿಗೆ ಮೂಗು ಹಾಕುತ್ತೇನೆ. ಬಣ್ಣ ಕಣ್ಣಿಗೆ ಮೋಸ ಮಾಡಬಹುದು, ತೇವದ ವಾಸನೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕೋಣೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ.

ಇಷ್ಟು ಮಳೆಯ ಊರಲ್ಲಿ ನೀರು ಕೇಳುವುದೇನಿದೆ ಅನ್ನಬೇಡಿ. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬಂದದ್ದನ್ನು ನಾನೇ ಅನುಭವಿಸಿದ್ದೇನೆ. ಮಡಿಕೇರಿಗೆ ನೀರು ಬರುವ ಕೂಟುಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ. ಬಾವಿ ಇದ್ದರೆ ಒಳ್ಳೆಯದು. ಆದರೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋದಾಗ ಪಂಪ್ ಓಡುವುದಿಲ್ಲವಲ್ಲ. ಹಗ್ಗ, ರಾಟೆ ಇದೆಯಾ ಅಂತಲೂ ನೋಡಿಕೊಳ್ಳಿ.

ಕರೆಂಟ್ ವಿಷಯಕ್ಕೆ ಬಂದರೆ, ಚೆಸ್ಕಾಂ ಬಿಲ್ಲಿನ ಹಳೆಯ ಪ್ರತಿ ಕೇಳಿ ಪಡೆಯಿರಿ. ಬಾಕಿ ಇದೆಯಾ ಗೊತ್ತಾಗುತ್ತದೆ, ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಗುರುತಿನ ಸಂಖ್ಯೆ) ಕೂಡ ಸಿಗುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ, ಬಾಡಿಗೆದಾರರಿಗೂ ಇದೆ. ಆದರೆ ಹಿಂದಿನವರ ಆಧಾರ್ ಅದೇ ಆರ್‌ಆರ್ ನಂಬರಿಗೆ ಅಂಟಿಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಅದನ್ನು ತೆಗೆಸಿಕೊಡುವ ಕೆಲಸ ಯಾರದು ಅಂತ ಮೊದಲೇ ಮಾತಾಡಿ.

ಸಹಿ ಹಾಕುವವರು ನಿಜಕ್ಕೂ ಮಾಲೀಕರೇ? ಕೊಡಗಿನಲ್ಲಿ ಇದನ್ನು ಸ್ವಲ್ಪ ಜಾಸ್ತಿಯೇ ನೋಡಬೇಕು. ಜಮ್ಮಾ ಜಾಗವಾದರೆ (ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಿಡುವಳಿ) ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಲವರ ಹೆಸರು ಇರುವುದುಂಟು. ಮನೆ ತೋರಿಸುವವರು ತಮ್ಮ, ಮನೆ ಅಣ್ಣನದು, ಅಣ್ಣ ಇರುವುದು ದುಬೈಯಲ್ಲಿ. ನಾನು ಮನೆ ಕಂದಾಯದ ರಸೀದಿ ಕೇಳುತ್ತೇನೆ. ಹೆಸರು ಬೇರೆ ಇದ್ದರೆ, ಸಹಿ ಹಾಕುವವರ ಹತ್ತಿರ ಅಧಿಕಾರ ಪತ್ರ ಇರಬೇಕು.

ಇನ್ನು ಕರಾರು. 11 ತಿಂಗಳಿಗೆ ಬರೆಯುವುದು ಯಾಕೆ ಗೊತ್ತಾ? ಒಂದು ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯಂತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೆ. ಮನೆ ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದು ಇಬ್ಬರಿಗೂ ಒಂದೇ ಇರಲಿ. ನನಗೆ ಸಿಕ್ಕ ಒಂದು ಕರಡಿನಲ್ಲಿ ಬಾಡಿಗೆದಾರರಿಗೆ ಮೂರು ತಿಂಗಳು, ಓನರ್‌ಗೆ ಹದಿನೈದು ದಿನ! ಹೋಂಸ್ಟೇ ಮಾಡುವ ಆಲೋಚನೆ ಇತ್ತು ಅಂತ ಆಮೇಲೆ ತಿಳಿಯಿತು. ಕೈ ಮುಗಿದು ಬಂದೆ.

ಈಗಿನ ಮನೆಯ ಕರಾರಿಗೆ ನಾನು ಒಂದು ಸಾಲು ಸೇರಿಸಿದೆ: "ಮಳೆ ನೀರು, ಒರತೆ ಅಥವಾ ಗೋಡೆಯ ತೇವದಿಂದ ಆಗುವ ಹಾನಿಯ ದುರಸ್ತಿ ಮಾಲೀಕರದು, ಅದಕ್ಕಾಗಿ ಅಡ್ವಾನ್ಸಿನಲ್ಲಿ ಹಣ ಹಿಡಿಯತಕ್ಕದ್ದಲ್ಲ." ಪಕ್ಕದಲ್ಲೇ ಇಬ್ಬರ ಸಹಿ. ಬೀಗದ ಕೈ ಸಿಕ್ಕ ದಿನ ಕೋಣೆ ಕೋಣೆಯ ವೀಡಿಯೊ ತೆಗೆದು ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರು ನಕ್ಕರು: "ಏನು ಟೀಚರೇ, ಮನೆ ಬಾಡಿಗೆಗೋ, ಕ್ರಯಕ್ಕೋ?" ಆದರೂ ಸಹಿ ಹಾಕಿದರು.

ಈ ಮನೆಯಲ್ಲಿ ಬೂಷ್ಟೇ ಇಲ್ಲ ಅಂತಲ್ಲ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಗೆ ಇಲ್ಲೂ ಚಪ್ಪಲಿ ಹಸಿರಾಗುತ್ತದೆ. ಪಕ್ಕದವರು ಹೇಳಿಕೊಟ್ಟ ಹಾಗೆ ಬೀರುವಿನೊಳಗೆ ಒಂದು ಸಣ್ಣ ಬಲ್ಬ್ ಉರಿಸಿಟ್ಟಿದ್ದೇನೆ. ಬಿ.ಎಡ್ ಸರ್ಟಿಫಿಕೇಟನ್ನು ಮಾತ್ರ ಚಳ್ಳಕೆರೆಯಲ್ಲಿ ಅಮ್ಮನ ಟ್ರಂಕಿಗೆ ಸೇರಿಸಿ ಬಂದೆ.